ಅಡುಗೆ ಕಟ್ಟೆಯ ಟೈಲ್ ಪದೇಪದೇ ಏಳುತ್ತಿತ್ತು, ಕೊನೆಗೆ ನಿಂತದ್ದು ಹೀಗೆ

ರಾಯಚೂರಿನ ನಮ್ಮ ಮನೆಯ ಅಡುಗೆ ಕಟ್ಟೆಗೆ ಒಂದಡಿಯ ಗ್ರಾನೈಟ್ ಟೈಲ್ ನಾನೇ ಕೂರಿಸಿದ್ದೆ. ವಾರದಲ್ಲೇ ಸಿಂಕ್ ಪಕ್ಕದ ನಾಲ್ಕು ಟೈಲ್ ತಟ್ಟಿದರೆ ಡಬಡಬ ಅನ್ನತೊಡಗಿದವು.

ಸಂದಿಗೆ ವೈಟ್ ಸಿಮೆಂಟ್ ತುಂಬಿದ್ದು ದಂಡ. ಕಿತ್ತು ಸಿಮೆಂಟ್ ಹಾಲಲ್ಲಿ ಕೂರಿಸಿದೆ, ಮತ್ತೆ ಎದ್ದವು. ಟೈಲ್ ಅಂಟು ತಂದರೂ ಅದೇ ಕತೆ.

ಮೂರನೇ ಸಲ ಕಿತ್ತಾಗ ಟೈಲಿನ ಬೆನ್ನು ನೋಡಿದೆ. ಅಂಟು ಮೆತ್ತಿಕೊಂಡೇ ಇರಲಿಲ್ಲ, ಬರೀ ಕಲ್ಲಿನ ಹುಡಿ. ಕಟ್ಟೆ ಮೇಲೆ ಅಂಟಿನ ಗೆರೆಗಳು ಒತ್ತದೆ ಹಾಗೇ ನಿಂತಿದ್ದವು. ಏಪ್ರಿಲ್ ಮಧ್ಯಾಹ್ನ ಇಡೀ ಕಟ್ಟೆಗೆ ಒಮ್ಮೆಲೇ ಬಳಿದಿದ್ದೆ. ಟೈಲ್ ಇಡುವ ಮೊದಲೇ ಅಂಟಿನ ಮೇಲ್ಪದರ ಒಣಗಿ ಕೆನೆಗಟ್ಟದೆ ಇರುತ್ತಾ?

ಹಳೇ ಅಂಟು ಕೆರೆದು, ಟೈಲಿನ ಬೆನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೊಳೆದು ಒಣಗಿಸಿದೆ. ಬೆಳಿಗ್ಗೆ ಆರಕ್ಕೆ ಫ್ಯಾನ್ ಬಂದ್ ಮಾಡಿ ಕಟ್ಟೆಗೆ ಒದ್ದೆ ಬಟ್ಟೆ ಒರೆಸಿದೆ. ನೀರು ನಿಲ್ಲಬಾರದು. ಅಂಟು ಕಲಸಿ, ಐದು ನಿಮಿಷ ಬಿಟ್ಟು ಮತ್ತೆ ಕಲಸಿದೆ. ಎರಡೇ ಟೈಲಿಗಾಗುವಷ್ಟು ಬಳಿದು 6 ಮಿ.ಮೀ. ಹಲ್ಲಿನ ಕರಣಿಯಿಂದ ಒಂದೇ ದಿಕ್ಕಿಗೆ ಗೆರೆ ಎಳೆದೆ. ಟೈಲಿನ ಬೆನ್ನಿಗೂ ತೆಳ್ಳಗೆ ಸವರಿದೆ. ಗೆರೆಗೆ ಅಡ್ಡಲಾಗಿ ಆಚೀಚೆ ಸರಿಸುತ್ತಾ ಒತ್ತಿದೆ. ಮೊದಲ ಟೈಲ್ ಎತ್ತಿ ನೋಡಲೇಬೇಕು: ಬೆನ್ನು ಪೂರ್ತಿ ಮೆತ್ತಿರಬೇಕು, ಮೂಲೆಯೂ ಸೇರಿ. 24 ಗಂಟೆ ಬಿಟ್ಟು 3 ಮಿ.ಮೀ. ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿದೆ, ಸಿಂಕ್ ಅಂಚಿಗೆ ಮಾತ್ರ ಸಿಲಿಕೋನ್.