ಬಿಲ್ಡ್ ಆಯ್ತು, ಆದ್ರೆ ಓಡ್ತಿಲ್ಲ: ಎಸ್ಒ ಫೈಲ್ ಸಿಗದಿದ್ದಾಗ ಏನು ಮಾಡಬೇಕು

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಲಿನಕ್ಸ್ ವಿಷಯಕ್ಕೆ ನನ್ನ ಹತ್ತಿರ ಬಂದರೆ ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ಮೇಕ್ ಪೂರ್ತಿ ಆಯ್ತು, ಇನ್‌ಸ್ಟಾಲ್ ಕೂಡ ಆಯ್ತು, ಓಡಿಸಿದ್ರೆ ಲೈಬ್ರರಿ ಇಲ್ಲ ಅಂತಿದೆ. ಈಗ ತಾನೇ ಹಾಕಿದೀನಲ್ಲ ಸರ್?" ಲೈಬ್ರರಿ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್, ಲಿನಕ್ಸ್‌ನಲ್ಲಿ ಅದು ಇರುವುದು .ಎಸ್ಒ ಫೈಲ್‌ನಲ್ಲಿ. ಹಾಕಿರುವುದು ನಿಜ. ಫೈಲ್ ಡಿಸ್ಕ್‌ನಲ್ಲಿ ಇರುವುದೂ ನಿಜ. ಹುಡುಕುವ ಪ್ರೋಗ್ರಾಂ ಆ ಜಾಗಕ್ಕೆ ಹೋಗಿಲ್ಲ, ಅಷ್ಟೇ. ಹಾಗಾಗಿ ಏನನ್ನಾದರೂ ಸರಿ ಮಾಡಲು ಕೈ ಹಾಕುವ ಮೊದಲು, ಅದು ಎಲ್ಲೆಲ್ಲಿ ಹುಡುಕಿತು ಅಂತ ಅದರ ಬಾಯಿಂದಲೇ ಹೇಳಿಸಿ.

ಉದಾಹರಣೆಗೆ ಟೆಸರಾಕ್ಟ್ ಇಟ್ಟುಕೊಳ್ಳೋಣ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು, ಕನ್ನಡವನ್ನೂ ಓದುತ್ತದೆ. ಉಬುಂಟು 22.04ರಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್ ಕೊಡುವುದು 4.1.1. ನಿಮಗೆ 5 ಬೇಕು ಅಂದರೆ ಸೋರ್ಸ್‌ನಿಂದ ಬಿಲ್ಡ್ ಮಾಡುತ್ತೀರಿ. ಕಾನ್ಫಿಗರ್, ಮೇಕ್, ಸುಡೋ ಮೇಕ್ ಇನ್‌ಸ್ಟಾಲ್, ಎಲ್ಲ ಸುಸೂತ್ರ. ಆಮೇಲೆ ಟೆಸರಾಕ್ಟ್ ಅಂತ ಹೊಡೆದರೆ ಈ ಸಾಲು ಬರುತ್ತದೆ: "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸರಾಕ್ಟ್.ಎಸ್ಒ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್." ಕಮಾಂಡುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಒಂದು ವಿಷಯ ಮೊದಲೇ ಗೊತ್ತಿರಲಿ. ಬಿಲ್ಡ್ ಆಗುವಾಗ ಲೈಬ್ರರಿ ಹುಡುಕುವುದು ಲಿಂಕರ್, ಅಂದರೆ ಕೋಡಿನ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಟೂಲ್. ಓಡುವಾಗ ಹುಡುಕುವುದು ಡೈನಮಿಕ್ ಲೋಡರ್, ಅಂದರೆ ಎಲ್‌ಡಿ.ಎಸ್ಒ. ಇಬ್ಬರೂ ಬೇರೆ ಬೇರೆ, ಇಬ್ಬರೂ ನೋಡುವ ಜಾಗಗಳ ಪಟ್ಟಿಯೂ ಬೇರೆ. ಮೇಕ್ ಮಾಡುವಾಗ "ಕೆನಾಟ್ ಫೈಂಡ್ ಹೈಫನ್ ಎಲ್ ಲೆಪ್ಟೋನಿಕಾ" ಅಂತ ಬಂದರೆ ಅದು ಲಿಂಕರ್ ತಕರಾರು (ಲೆಪ್ಟೋನಿಕಾ ಅಂದರೆ ಟೆಸರಾಕ್ಟ್‌ಗೆ ಬೇಕಾದ ಚಿತ್ರಗಳ ಲೈಬ್ರರಿ). ಅದಕ್ಕೆ ಹೆಸರಿನ ಕೊನೆಯಲ್ಲಿ ಡೆವ್ ಅಂತಿರುವ ಪ್ಯಾಕೇಜ್ ಬೇಕು, ಇಲ್ಲವೇ ಬಿಲ್ಡ್ ವೇಳೆ ಲೈಬ್ರರಿಗಳ ವಿವರ ಎಲ್ಲಿದೆ ಅಂತ ಹೇಳುವ ಪಿಕೆಜಿ_ಕಾನ್ಫಿಗ್_ಪಾಥ್ ವೇರಿಯಬಲ್ ಸರಿಯಾಗಬೇಕು. ಮೇಲಿನ ಎರರ್ ಲೋಡರ್‌ದು. ಒಂದರ ಔಷಧಿ ಇನ್ನೊಂದಕ್ಕೆ ಹಾಕಿದರೆ ಸುಮ್ನೆ ಟೈಮ್ ಹಾಳು.

ಮೊದಲ ಕೆಲಸ, ಎಲ್‌ಡಿಡಿ ಓಡಿಸಿ, ಅದಾದ ಮೇಲೆ ಪ್ರೋಗ್ರಾಂನ ಪೂರ್ತಿ ಪಾಥ್ (ಫೈಲ್ ಇರುವ ಜಾಗ) ಕೊಡಿ: ಎಲ್‌ಡಿಡಿ /ಯುಎಸ್ಆರ್/ಲೋಕಲ್/ಬಿನ್/ಟೆಸರಾಕ್ಟ್. ಬೇಕಾದ ಎಲ್ಲ ಲೈಬ್ರರಿಗಳೂ, ಪ್ರತಿಯೊಂದೂ ಎಲ್ಲಿ ಸಿಕ್ಕಿತು ಅನ್ನುವುದೂ ಬರುತ್ತವೆ. ಯಾವುದರ ಮುಂದೆ "ನಾಟ್ ಫೌಂಡ್" ಇದೆಯೋ ಅದೇ ನಿಮ್ಮ ಸಮಸ್ಯೆ. ಬರೀ ಅದನ್ನಷ್ಟೇ ನೋಡಿ ಮುಚ್ಚಬೇಡಿ, ಸಿಕ್ಕಿರುವುದರ ಪಾಥ್ ಕೂಡ ಓದಿ, ಹಳೇ ಕಾಪಿ ಸಿಕ್ಕಿರಬಹುದು. ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಬೈನರಿ (ಬಿಲ್ಡ್ ಆಗಿ ಸಿದ್ಧವಾದ ಪ್ರೋಗ್ರಾಂ ಫೈಲ್) ಮೇಲೆ ಮಾತ್ರ ಎಲ್‌ಡಿಡಿ ಓಡಿಸಬೇಡಿ, ಕೆಲವು ಸಂದರ್ಭದಲ್ಲಿ ಅದು ಆ ಪ್ರೋಗ್ರಾಂನ ಕೋಡನ್ನೇ ನಡೆಸಿಬಿಡಬಹುದು. ಅಂಥ ಕಡೆ ರೀಡ್‌ಎಲ್ಫ್ ಹೈಫನ್ ಡಿ ಸಾಕು. ಅದು ಫೈಲನ್ನು ಓದಿ "ನೀಡೆಡ್" ಸಾಲುಗಳನ್ನು ತೋರಿಸುತ್ತದೆ, ಏನನ್ನೂ ಓಡಿಸುವುದಿಲ್ಲ.

ಸೋರ್ಸ್ ಫೋಲ್ಡರ್ ಒಳಗೇ ಎಲ್‌ಡಿಡಿ ಹೊಡೆದು "ನಾಟ್ ಎ ಡೈನಮಿಕ್ ಎಕ್ಸಿಕ್ಯೂಟಬಲ್" ಅಂತ ಬಂದರೆ ಗಾಬರಿ ಬೇಡ. ಲೈಬ್ರರಿ ಬಿಲ್ಡ್ ಮಾಡಲು ಲಿಬ್‌ಟೂಲ್ ಎಂಬ ಟೂಲ್ ಬಳಸುವ ಪ್ರಾಜೆಕ್ಟುಗಳಲ್ಲಿ ಅಲ್ಲಿ ಕಾಣುವುದು ಎಷ್ಟೋ ಸಲ ಒಂದು ಶೆಲ್ ಸ್ಕ್ರಿಪ್ಟ್. ನಿಜವಾದ ಬೈನರಿ ಅದೇ ಜಾಗದಲ್ಲಿ ಡಾಟ್ ಲಿಬ್ಸ್ ಅನ್ನುವ ಅಡಗಿದ ಫೋಲ್ಡರ್‌ನಲ್ಲಿ ಇರುತ್ತದೆ.

ಈಗ ಫೈಲ್ ನಿಜವಾಗಲೂ ಇದೆಯಾ ನೋಡಿ. ಫೈಂಡ್ /ಯುಎಸ್ಆರ್ ಹೈಫನ್ ನೇಮ್, ಆಮೇಲೆ ಕೋಟ್ ಒಳಗೆ ಲಿಬ್‌ಟೆಸರಾಕ್ಟ್ ಸ್ಟಾರ್. ಇಲ್ಲವೇ ಇಲ್ಲ ಅಂದರೆ ಇನ್‌ಸ್ಟಾಲ್ ಸರಿಯಾಗಿ ಆಗಿಲ್ಲ ಅಥವಾ ಯಾವುದೋ ಪ್ಯಾಕೇಜ್ ಬಾಕಿ ಇದೆ. ಡೆಬಿಯನ್, ಉಬುಂಟುನಲ್ಲಿ ಆಪ್ಟ್ ಹೈಫನ್ ಫೈಲ್ ಸರ್ಚ್, ಫೆಡೋರಾದಲ್ಲಿ ಡಿಎನ್ಎಫ್ ಪ್ರೊವೈಡ್ಸ್ ಅಂತ ಕೇಳಿದರೆ ಆ ಫೈಲ್ ಯಾವ ಪ್ಯಾಕೇಜ್‌ನಲ್ಲಿದೆ ಅಂತ ಹೇಳುತ್ತವೆ.

ಫೈಲ್ ಇದೆ, ಆದರೂ ಸಿಗುತ್ತಿಲ್ಲ ಅಂದರೆ ಬಹುತೇಕ ಸಲ ಕ್ಯಾಶ್ ಕಾರಣ. ಲೋಡರ್ ಪ್ರತಿ ಸಲ ಡಿಸ್ಕ್ ತಡಕುವುದಿಲ್ಲ, /ಇಟಿಸಿ/ಎಲ್‌ಡಿ.ಎಸ್ಒ.ಕ್ಯಾಶ್ ಅನ್ನುವ ಸಿದ್ಧ ಪಟ್ಟಿ ನೋಡುತ್ತದೆ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಮೂಟೆ ಬಂದು ಇಳಿದರೂ ಪುಸ್ತಕದಲ್ಲಿ ಎಂಟ್ರಿ ಆಗದೆ ಹರಾಜಿಗೆ ಬರಲ್ಲ ಅಲ್ವಾ, ಇದೂ ಹಾಗೇ. ಎಂಟ್ರಿ ಮಾಡಿಸುವ ಕಮಾಂಡ್ ಸುಡೋ ಎಲ್‌ಡಿಕಾನ್ಫಿಗ್. ಉಬುಂಟುನಲ್ಲಿ /ಯುಎಸ್ಆರ್/ಲೋಕಲ್/ಲಿಬ್ ಆಗಲೇ ಅದರ ಕಾನ್ಫಿಗ್‌ನಲ್ಲಿದೆ, ಅದಕ್ಕೇ ಟೆಸರಾಕ್ಟ್ ಎರರ್ ಈ ಒಂದೇ ಕಮಾಂಡಿಗೆ ಹೋಗಿಬಿಡುತ್ತದೆ. ಫೆಡೋರಾದಲ್ಲಿ ಆ ಜಾಗ ಡಿಫಾಲ್ಟ್ ಆಗಿ ಇರುವುದಿಲ್ಲ. /ಇಟಿಸಿ/ಎಲ್‌ಡಿ.ಎಸ್ಒ.ಕಾನ್ಫ್.ಡಿ ಒಳಗೆ ಲೋಕಲ್.ಕಾನ್ಫ್ ಅಂತ ಒಂದು ಫೈಲ್ ಮಾಡಿ, ಅದರಲ್ಲಿ ಫೋಲ್ಡರ್ ಪಾಥ್ ಒಂದೇ ಸಾಲು ಬರೆದು, ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು. ಅಲ್ಲಿ ಲಿಬ್64 ಅನ್ನುವ ಫೋಲ್ಡರ್‌ಗೂ ಲೈಬ್ರರಿ ಹೋಗಿರಬಹುದು, ಅದನ್ನೂ ನೋಡಿ. ಪಟ್ಟಿಗೆ ಸೇರಿತಾ ಅಂತ ತಿಳಿಯಲು ಎಲ್‌ಡಿಕಾನ್ಫಿಗ್ ಹೈಫನ್ ಪಿ ಹೊಡೆದು, ಬಂದದ್ದರಲ್ಲಿ ಲೈಬ್ರರಿಯ ಹೆಸರನ್ನು ಗ್ರೆಪ್ ಕಮಾಂಡ್‌ನಿಂದ ಹುಡುಕಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ನನಗೆ ತುಂಬಾ ಇಷ್ಟವಾದ ಅಸ್ತ್ರ ಒಂದಿದೆ. ಅದೇ ಸಾಲಿನಲ್ಲಿ, ಪ್ರೋಗ್ರಾಂ ಹೆಸರಿಗಿಂತ ಮೊದಲು ಎಲ್‌ಡಿ_ಡೀಬಗ್=ಲಿಬ್ಸ್ ಅಂತ ಸೇರಿಸಿ ಓಡಿಸಿ. ಲೋಡರ್ ತಾನು ಯಾವ ಲೈಬ್ರರಿಗಾಗಿ ಯಾವ ಫೋಲ್ಡರ್‌ನಲ್ಲಿ, ಯಾವ ಫೈಲ್ ಪ್ರಯತ್ನಿಸಿದೆ ಅಂತ ಸಾಲು ಸಾಲಾಗಿ ಹೇಳುತ್ತಾ ಹೋಗುತ್ತದೆ. ಅದರಲ್ಲಿ "ಟ್ರೈಯಿಂಗ್ ಫೈಲ್" ಸಾಲುಗಳನ್ನು ನಿಧಾನವಾಗಿ ಓದಿ. ಪ್ಲಗಿನ್‌ಗಳ ವಿಷಯದಲ್ಲಂತೂ ಇದು ಬೇಕೇ ಬೇಕು. ಪ್ರೋಗ್ರಾಂ ಓಡುತ್ತಾ ಓಡುತ್ತಾ ಡಿಎಲ್‌ಓಪನ್ ಎಂಬ ಫಂಕ್ಷನ್ ಮೂಲಕ ತೆರೆಯುವ ಫೈಲುಗಳು ಎಲ್‌ಡಿಡಿಯಲ್ಲಿ ಕಾಣುವುದೇ ಇಲ್ಲ.

ಅದನ್ನು ಓದುವಾಗ ಹುಡುಕುವ ಕ್ರಮ ನೆನಪಿರಲಿ. ಆರ್‌ಪಾಥ್, ರನ್‌ಪಾಥ್ ಎರಡೂ ಬೈನರಿಯಲ್ಲೇ ಬರೆದಿರುವ ಫೋಲ್ಡರ್ ಪಟ್ಟಿಗಳು. ಆರ್‌ಪಾಥ್ ಮೊದಲು, ಆದರೆ ರನ್‌ಪಾಥ್ ಇದ್ದರೆ ಆರ್‌ಪಾಥನ್ನು ನೋಡುವುದಿಲ್ಲ. ಆಮೇಲೆ ಎಲ್‌ಡಿ_ಲೈಬ್ರರಿ_ಪಾಥ್, ಅಂದರೆ ನಾವೇ ಶೆಲ್‌ನಲ್ಲಿ ಫೋಲ್ಡರ್ ಹೇಳುವ ವೇರಿಯಬಲ್. ಆಮೇಲೆ ರನ್‌ಪಾಥ್. ಆಮೇಲೆ ಕ್ಯಾಶ್. ಕೊನೆಗೆ /ಲಿಬ್ ಮತ್ತು /ಯುಎಸ್ಆರ್/ಲಿಬ್. ಮೊದಲು ಎಲ್ಲಿ ಸಿಗುತ್ತದೋ ಅದೇ ಲೋಡ್ ಆಗುತ್ತದೆ.

ಎಲ್‌ಡಿ_ಲೈಬ್ರರಿ_ಪಾಥ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಎಲ್ಲರೂ ಮೊದಲು ಕೊಡುವ ಸಲಹೆ ಅದೇ, ಮತ್ತು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಟರ್ಮಿನಲ್ ತೆರೆದಾಗಲೆಲ್ಲ ಓಡುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಕೂತುಬಿಟ್ಟಿರುತ್ತದೆ, ಯಾವ ಪ್ರಾಜೆಕ್ಟಿಗೆ ಹಾಕಿದ್ದು ಅಂತ ಹಾಕಿದವರಿಗೇ ನೆನಪಿರುವುದಿಲ್ಲ. ಒಂದೇ ಒಂದು ಸಲ ಪರೀಕ್ಷೆಗೆ, ಅದೇ ಸಾಲಿನಲ್ಲಿ ಕಮಾಂಡ್‌ಗಿಂತ ಮೊದಲು ಸೇರಿಸಿ ಓಡಿಸುವುದಾದರೆ ಒಳ್ಳೆಯದೇ. ಶಾಶ್ವತವಾಗಿ ಎಕ್ಸ್‌ಪೋರ್ಟ್ ಮಾಡಿದರೆ ಆ ಶೆಲ್‌ನಿಂದ ಓಡುವ ಎಲ್ಲ ಪ್ರೋಗ್ರಾಂಗಳೂ ಮೊದಲು ಆ ಫೋಲ್ಡರನ್ನೇ ನೋಡುತ್ತವೆ. ಅಲ್ಲಿ ಸಿ++ ಪ್ರೋಗ್ರಾಂಗಳಿಗೆ ಬೇಕಾಗುವ ಲಿಬ್‌ಎಸ್‌ಟಿಡಿಸಿ++ ಲೈಬ್ರರಿಯ ಹಳೇ ಕಾಪಿ ಏನಾದರೂ ಇದ್ದರೆ ಸಂಬಂಧವೇ ಇಲ್ಲದ ಇನ್ನೊಂದು ಸಾಫ್ಟ್‌ವೇರ್ ಕೆಟ್ಟುಹೋಗುತ್ತದೆ. ಪೈಥಾನ್ ಪ್ಯಾಕೇಜ್ ಹಾಕುವ ಕಾಂಡಾದ ಫೋಲ್ಡರನ್ನು ಹೀಗೆ ಸೇರಿಸಿದವರಿಗೆ ಈ ಅನುಭವ ಆಗಿರುತ್ತದೆ. ಸುಡೋ ಜೊತೆ ಓಡಿಸಿದಾಗ ಈ ವೇರಿಯಬಲ್ ಒಳಗೆ ಹೋಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಸುರಕ್ಷತೆಗಾಗಿ ಬೇಕಂತಲೇ ಹಾಗೆ ಮಾಡಿದ್ದಾರೆ.

ರೂಟ್ ಪರ್ಮಿಷನ್ ಇಲ್ಲದ ಕಾಲೇಜ್ ಲ್ಯಾಬ್ ಮೆಷಿನ್‌ನಲ್ಲಿ, ನಿಮ್ಮ ಹೋಮ್ ಫೋಲ್ಡರ್ ಒಳಗೇ ಇನ್‌ಸ್ಟಾಲ್ ಮಾಡಿಕೊಂಡಿದ್ದರೆ ಸರಿಯಾದ ದಾರಿ ಬೈನರಿಯಲ್ಲೇ ಪಾಥ್ ಬರೆಸುವುದು. ಲಿಂಕ್ ಮಾಡುವಾಗ ಹೈಫನ್ ಡಬ್ಲ್ಯೂಎಲ್, ಕಾಮಾ, ಹೈಫನ್ ಆರ್‌ಪಾಥ್, ಕಾಮಾ, ಆಮೇಲೆ ಫೋಲ್ಡರ್, ಮಧ್ಯೆ ಸ್ಪೇಸ್ ಬೇಡ. ಫೋಲ್ಡರ್ ಬದಲು $ಒರಿಜಿನ್/../ಲಿಬ್ ಅಂತ ಕೊಟ್ಟರೆ ಬೈನರಿ ಇರುವ ಜಾಗದಿಂದ ಲೆಕ್ಕ ಹಾಕುತ್ತದೆ, ಇಡೀ ಫೋಲ್ಡರನ್ನು ಬೇರೆ ಕಡೆ ಸರಿಸಿದರೂ ನಡೆಯುತ್ತದೆ. ಒರಿಜಿನ್ ಪೂರ್ತಿ ದೊಡ್ಡ ಅಕ್ಷರದಲ್ಲಿರಲಿ, ಶೆಲ್ ಅದನ್ನು ನುಂಗದ ಹಾಗೆ ಸಿಂಗಲ್ ಕೋಟ್ ಒಳಗೆ ಇಡಿ. ಮೇಕ್‌ಫೈಲ್ ಒಳಗಾದರೆ ಡಾಲರ್ ಚಿಹ್ನೆ ಎರಡು ಸಲ ಬೇಕು. ಈಗಾಗಲೇ ಬಿಲ್ಡ್ ಆಗಿದ್ದರೆ ಪ್ಯಾಚ್‌ಎಲ್ಫ್ ಎಂಬ ಟೂಲ್‌ನಿಂದ ಆಮೇಲೂ ಬದಲಿಸಬಹುದು.

ಬಿಲ್ಡ್ ಮಾಡಲು ಸಿಮೇಕ್ ಎಂಬ ಟೂಲ್ ಬಳಸುವವರಿಗೆ ಒಂದು ಮಾತು. ಬಿಲ್ಡ್ ಫೋಲ್ಡರ್‌ನಲ್ಲಿ ಓಡುತ್ತದೆ, ಇನ್‌ಸ್ಟಾಲ್ ಆದಮೇಲೆ ಓಡಲ್ಲ ಅಂದರೆ ಕಾರಣ ಸಿಮೇಕ್‌ನ ಪದ್ಧತಿಯೇ. ಬಿಲ್ಡ್ ವೇಳೆ ತಾನೇ ಪಾಥ್ ಬರೆದು, ಇನ್‌ಸ್ಟಾಲ್ ವೇಳೆ ಅಳಿಸಿಬಿಡುತ್ತದೆ. ಸಿಮೇಕ್_ಇನ್‌ಸ್ಟಾಲ್_ಆರ್‌ಪಾಥ್ ಸೆಟ್ ಮಾಡಿದರೆ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ: ರನ್‌ಪಾಥ್ ಆ ಬೈನರಿಗೆ ನೇರವಾಗಿ ಬೇಕಾದ ಲೈಬ್ರರಿಗಳಿಗೆ ಮಾತ್ರ ಅನ್ವಯ. ಆ ಲೈಬ್ರರಿಗೆ ಬೇಕಾದ ಇನ್ನೊಂದು ಲೈಬ್ರರಿ ಸಿಗಬೇಕು ಅಂದರೆ ಮೊದಲನೆಯದಕ್ಕೂ ಬೇರೆಯಾಗಿ ರನ್‌ಪಾಥ್ ಹಾಕಬೇಕು. ಟೆಸರಾಕ್ಟ್‌ಗೆ ಲೆಪ್ಟೋನಿಕಾ ಬೇಕಲ್ಲ, ಎರಡನ್ನೂ ಹೋಮ್ ಫೋಲ್ಡರ್‌ನಲ್ಲಿ ಬಿಲ್ಡ್ ಮಾಡಿದವರಿಗೆ ಇದು ಎದುರಾಗಬಹುದು.

ದಯವಿಟ್ಟು ಮಾಡಬೇಡಿ ಅಂತ ಕೇಳಿಕೊಳ್ಳುವುದು ಒಂದೇ: 5 ಕೇಳುತ್ತಿದೆ, 4 ಇದೆ, ಹಾಗಾಗಿ 4ಕ್ಕೆ 5 ಅಂತ ಹೆಸರಿಟ್ಟು ಸಿಮ್‌ಲಿಂಕ್ (ಇನ್ನೊಂದು ಫೈಲ್ ಕಡೆ ಕೈ ತೋರಿಸುವ ಹೆಸರು) ಮಾಡುವುದು. ಆ ಕೊನೆಯ ನಂಬರ್ ಬದಲಾಗಿದೆ ಅಂದರೆ ಒಳಗಿನ ಫಂಕ್ಷನ್‌ಗಳು ಹಳೆಯದಕ್ಕೆ ಹೊಂದಲ್ಲ ಅಂತ ಲೈಬ್ರರಿ ಬರೆದವರೇ ಹೇಳುತ್ತಿದ್ದಾರೆ. ಲಿಂಕ್ ಮಾಡಿದರೆ ಲೋಡರ್ ಬಾಯಿ ಮುಚ್ಚುತ್ತದೆ, ಆದರೆ "ಅನ್‌ಡಿಫೈನ್ಡ್ ಸಿಂಬಲ್" ಬರಬಹುದು, ಅಥವಾ ಮಧ್ಯದಲ್ಲಿ ಕ್ರ್ಯಾಶ್ ಆಗಬಹುದು, ಅಥವಾ ಉತ್ತರವೇ ತಪ್ಪು ಬರಬಹುದು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು.

ಜಿಲಿಬ್‌ಸಿ ಅಂದರೆ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ನೆಚ್ಚಿಕೊಂಡಿರುವ ಸಿಸ್ಟಂನ ಮೂಲ ಸಿ ಲೈಬ್ರರಿ. "ಜಿಲಿಬ್‌ಸಿ_2.34 ನಾಟ್ ಫೌಂಡ್" ಅಂತ ಬಂದರೆ ಹೊಸ ಸಿಸ್ಟಂನಲ್ಲಿ ಬಿಲ್ಡ್ ಮಾಡಿದ್ದನ್ನು ಹಳೆಯದರಲ್ಲಿ ಓಡಿಸುತ್ತಿದ್ದೀರಿ. ಉಬುಂಟು 20.04ರಲ್ಲಿ ಇರುವುದು 2.31, 22.04ರಲ್ಲಿ 2.35. ಜಿಲಿಬ್‌ಸಿಯನ್ನು ಕೈಯಾರೆ ಬದಲಿಸಲು ಹೋಗಬೇಡಿ, ಇಡೀ ಸಿಸ್ಟಂ ಎದ್ದೇಳದ ಹಾಗೆ ಆಗಬಹುದು. ಹಳೇ ಸಿಸ್ಟಂನಲ್ಲೇ ಮತ್ತೆ ಬಿಲ್ಡ್ ಮಾಡಿ. "ರಾಂಗ್ ಎಲ್ಫ್ ಕ್ಲಾಸ್" ಅಂದರೆ 32 ಬಿಟ್, 64 ಬಿಟ್ ಬೆರಕೆ.

ನೆಟ್ ನಿಧಾನ ಇರುವ ಕಡೆ ಬಿಲ್ಡ್ ಆದ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಸಾಮಾನ್ಯ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಸಿಮ್‌ಲಿಂಕ್ ಉಳಿಯುವುದಿಲ್ಲ. ಲೋಡರ್ ಕೇಳುವ .ಎಸ್ಒ.5 ಅನ್ನುವ ಹೆಸರು ಸಾಮಾನ್ಯವಾಗಿ ಒಂದು ಸಿಮ್‌ಲಿಂಕ್, ನಿಜವಾದ ಫೈಲ್‌ನ ಹೆಸರು ಇನ್ನೂ ಉದ್ದ. ಹಾಗಾಗಿ ಮೊದಲು ಟಾರ್ ಕಮಾಂಡ್‌ನಿಂದ ಎಲ್ಲವನ್ನೂ ಒಂದೇ ಫೈಲ್ ಆಗಿ ಕಟ್ಟಿ, ಆ ಒಂದು ಫೈಲನ್ನು ಒಯ್ದು, ಅಲ್ಲಿನ ಡಿಸ್ಕ್‌ನಲ್ಲಿ ಬಿಚ್ಚಿ. ಪೆನ್‌ಡ್ರೈವ್‌ನಿಂದಲೇ ನೇರ ಓಡಿಸಿದಾಗ "ಫೇಲ್ಡ್ ಟು ಮ್ಯಾಪ್ ಸೆಗ್ಮೆಂಟ್" ಬಂದರೆ ಪೆನ್‌ಡ್ರೈವ್ ನೋಎಕ್ಸೆಕ್, ಅಂದರೆ ಅದರಿಂದ ಪ್ರೋಗ್ರಾಂ ಓಡಿಸದ ಹಾಗೆ, ಮೌಂಟ್ ಆಗಿದೆಯಾ ನೋಡಿ.

ಎಲ್ಲ ಸರಿಯಾದ ಮೇಲೂ ಟೆಸರಾಕ್ಟ್ ಹಳೇ 4 ಅಂತಲೇ ತೋರಿಸಿದರೆ ಆಪ್ಟ್‌ನದು /ಯುಎಸ್ಆರ್/ಬಿನ್‌ನಲ್ಲಿ ಇನ್ನೂ ಇದೆ, ನಿಮ್ಮ ಶೆಲ್ ಅದರ ಜಾಗವನ್ನೇ ನೆನಪಿಟ್ಟುಕೊಂಡಿದೆ. ಹ್ಯಾಶ್ ಹೈಫನ್ ಆರ್ ಹೊಡೆದು ಮತ್ತೆ ನೋಡಿ. ಇನ್ನು ಕನ್ನಡದ ಡೇಟಾ ಫೈಲ್ ಆದ ಕ್ಯಾನ್.ಟ್ರೇನ್ಡ್‌ಡೇಟಾ ತೆರೆಯಲು ಆಗುತ್ತಿಲ್ಲ ಅಂತ ಬಂದರೆ ಖುಷಿಪಡಿ, ಲೈಬ್ರರಿ ಲೋಡ್ ಆಗಿದೆ ಅಂತ ಅರ್ಥ. ಆ ಫೈಲ್ ಇಳಿಸಿಕೊಂಡು ಟೆಸ್‌ಡೇಟಾ ಫೋಲ್ಡರ್‌ಗೆ ಹಾಕಿ, ಹೈಫನ್ ಎಲ್ ಕ್ಯಾನ್ ಕೊಟ್ಟು ಒಂದು ಪುಟ ಓಡಿಸಿ ನೋಡಿ.