ಹಳೆಯ ಟಿವಿಯಲ್ಲಿ ವಿಶ್ವದ ಹಳೆಯ ಬೆಳಕನ್ನು ಹುಡುಕುವುದು ಹೇಗೆ

ಪಿಕ್ಚರ್ ಟ್ಯೂಬಿನ ಟಿವಿ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಅರಸೀಕೆರೆಯಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದ ನನ್ನ ಅಂಗಡಿಯಲ್ಲಿ ಅಂಥದ್ದು ಈಗ ಒಂದೇ ಉಳಿದಿದೆ. ವಿಶ್ವದ ಅತಿ ಹಳೆಯ ಬೆಳಕನ್ನು ತಂಗಿಯ ಮಗಳಿಗೆ ತೋರಿಸಿದ್ದು ಅದರಲ್ಲೇ. ತೋರಿಸಿದೆ ಎನ್ನುವುದು ಸ್ವಲ್ಪ ಜಂಬದ ಮಾತು, ಇರಲಿ.

ಕೇಬಲ್ ಕಿತ್ತು ಯುಎಚ್‌ಎಫ್ ಆಂಟೆನಾ ಸಿಕ್ಕಿಸಿ. ಅದರ ಮೂತಿ ಆಕಾಶದ ಕಡೆಗಿರಲಿ. ಏಕೆಂದರೆ ನೆಲ, ಗೋಡೆ, ಮರಗಳೂ ತಮ್ಮ ಬಿಸಿಗೆ ತಕ್ಕಷ್ಟು ರೇಡಿಯೊ ಅಲೆ ಸೂಸುತ್ತವೆ. ಖಾಲಿ ಚಾನಲ್‌ಗೆ ಟ್ಯೂನ್ ಮಾಡಿ. ನೀಲಿ ಪರದೆ ಬಂದರೆ ಮೆನುವಿನಲ್ಲಿ ಅದನ್ನು ತೆಗೆಯಿರಿ. ಗಿರಾಕಿಗಳು ‘ಇರುವೆ ಮುತ್ತಿವೆ’ ಎಂದು ದೂರುತ್ತಿದ್ದ ಚುಕ್ಕಿಗಳು ಕುಣಿಯತೊಡಗುತ್ತವೆ.

ಈಗ ಆಂಟೆನಾ ಕಿತ್ತುಬಿಡಿ. ಚುಕ್ಕಿಗಳು ಹೋಗುವುದಿಲ್ಲ! ಚುಕ್ಕಿಗಳಾಗಿ ಕಾಣುವ ಈ ಗದ್ದಲ ಬಹುಪಾಲು ಟಿವಿಯೊಳಗಿನ ಟ್ಯೂನರಿನದೇ. ಆ ಬೆಳಕಿನ ಪಾಲು ಹೆಚ್ಚೆಂದರೆ ನೂರಕ್ಕೆ ಒಂದು. “ಹಾಗಾದರೆ ಅದು ಇದೆಯೆಂದು ಹೇಗೆ ಗೊತ್ತು, ಮಾವ?” ಎಂದಳು ಹುಡುಗಿ.

ಇಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳ ಕೆಲಸವನ್ನು ಹೇಳಬೇಕು. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್ಡೆಲ್‌ನಲ್ಲಿ, ಬೆಲ್ ಪ್ರಯೋಗಾಲಯದ ಕಹಳೆಯಾಕಾರದ ದೊಡ್ಡ ಆಂಟೆನಾದಲ್ಲಿ ಅವರಿಗೂ ಬಿಡದ ಗದ್ದಲ ಕೇಳಿಸಿತು. ಅವರು ಮಾಡಿದ್ದು ಒಳ್ಳೆಯ ಮೆಕ್ಯಾನಿಕ್ ಮಾಡುವುದನ್ನೇ: ಒಂದೊಂದೇ ಕಾರಣವನ್ನು ಕಳೆಯುತ್ತಾ ಹೋದರು. ನಮ್ಮಲ್ಲಿಲ್ಲದ ಒಂದು ಅಳತೆಗೋಲು ಅವರ ಬಳಿ ಇತ್ತು. ದ್ರವ ಹೀಲಿಯಂನಲ್ಲಿ ತಣಿಸಿದ, ತಾಪ ಗೊತ್ತಿರುವ ಮೂಲಕ್ಕೆ ಆಕಾಶವನ್ನು ಹೋಲಿಸುತ್ತಿದ್ದರು. ತಾಪದ ಲೆಕ್ಕದಲ್ಲಿ ಗದ್ದಲ ಒಟ್ಟು 6.7 ಕೆಲ್ವಿನ್ (ಪರಮ ಶೂನ್ಯದಿಂದ ಎಣಿಸುವ ತಾಪದ ಮಾನ); ವಾತಾವರಣದ 2.3, ಆಂಟೆನಾದ್ದೂ ನೆಲದ್ದೂ ಸೇರಿ 0.9 ಕಳೆದರೆ 3.5 ಉಳಿಯಿತು. ಒಳಗೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ಬಳಿದು ತೆಗೆದರೂ ಅದು ಹೋಗಲಿಲ್ಲ. (ಆಂಟೆನಾಗಳಿಂದ ಕಾಗೆ ಗೂಡು ಕಿತ್ತವನಿಗೆ ಈ ಕಷ್ಟ ಅರ್ಥವಾಗುತ್ತದೆ.) ಎತ್ತ ತಿರುಗಿಸಿದರೂ, ಯಾವ ಋತುವಿನಲ್ಲಾದರೂ ಅಷ್ಟೇ. ಅದು ವಿಶ್ವದ ಆ ಹಳೆಯ ಬೆಳಕೇ ಎಂದು ಬಿಡಿಸಿ ಹೇಳಿದ್ದು ಹತ್ತಿರದ ಪ್ರಿನ್ಸ್‌ಟನ್‌ನ ವಿಜ್ಞಾನಿ ಡಿಕಿಯ ತಂಡ. ಆಲ್ಫರ್ ಮತ್ತು ಹರ್ಮನ್ ಎಂಬ ವಿಜ್ಞಾನಿಗಳು 1948ರಲ್ಲೇ ಅದರ ತಾಪ ಸುಮಾರು 5 ಕೆಲ್ವಿನ್ ಎಂದು ಲೆಕ್ಕ ಹಾಕಿದ್ದರೂ ಅದನ್ನು ಹೆಚ್ಚು ಜನ ನೆನಪಿಟ್ಟುಕೊಂಡಿರಲಿಲ್ಲ.

ಈ ಬೆಳಕು ಹುಟ್ಟಿದ್ದು ಹೇಗೆ ಎಂದು ಮಕ್ಕಳಿಗೆ ಹೇಳುವಾಗ ಮಹಾಸ್ಫೋಟದಿಂದ (ಬಿಗ್ ಬ್ಯಾಂಗ್) ಶುರು ಮಾಡಬೇಡಿ, ಪಟಾಕಿಯೇ ಅವರ ತಲೆಯಲ್ಲಿ ಕೂರುತ್ತದೆ. ಶಿರಾಡಿ ಘಾಟಿಯ ಮಂಜಿನಿಂದ ಶುರು ಮಾಡಿ. ಮಂಜಿನಲ್ಲಿ ಲಾರಿಯ ದೀಪ ಹನಿಹನಿಗೂ ತಾಗಿ ಚದುರುತ್ತದೆ, ದಾರಿ ಕಾಣದು. ವಿಶ್ವದ ಆದಿಯಲ್ಲಿ ಬಿಡಿಬಿಡಿಯಾಗಿ ಅಲೆಯುತ್ತಿದ್ದ ಎಲೆಕ್ಟ್ರಾನ್‌ಗಳೇ ಆ ಹನಿಗಳು. ವಿಶ್ವಕ್ಕೆ ಸುಮಾರು 3,80,000 ವರ್ಷಗಳಾದಾಗ ತಾಪ 3000 ಕೆಲ್ವಿನ್‌ಗೆ, ಅಂದರೆ ಹಳೆಯ ಬಲ್ಬಿನ ತಂತಿಗಿಂತ ತುಸು ಹೆಚ್ಚಿನ ಬಿಸಿಗೆ ಇಳಿಯಿತು. ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಜೊತೆ ಸೇರಿ ಹೈಡ್ರೋಜನ್ ಆದವು. ಮಂಜು ಕರಗಿತು, ಬೆಳಕು ನೇರವಾಗಿ ಹೊರಟಿತು. ಮಂಜು ಎಲ್ಲೆಲ್ಲೂ ಇದ್ದುದರಿಂದ ಬೆಳಕೂ ಎಲ್ಲ ದಿಕ್ಕಿನಿಂದ ಬರುತ್ತದೆ. ಅಂದಿನಿಂದ ವಿಶ್ವ ಸುಮಾರು 1100 ಪಟ್ಟು ಹಿಗ್ಗಿದೆ. ಅಲೆಯೂ ಅಷ್ಟೇ ಪಟ್ಟು ಹಿಗ್ಗಿ ಮೈಕ್ರೋವೇವ್ ಆಗಿದೆ. 3000ವನ್ನು 1100ರಿಂದ ಭಾಗಿಸುವ ಕೆಲಸ ಮಕ್ಕಳಿಗೇ ಬಿಡಿ. 2.7 ಬರುತ್ತದೆ, ಇಂದಿನ ನಿಖರ ಅಳತೆಯೂ 2.725 ಕೆಲ್ವಿನ್. ನಮ್ಮ ಹುಡುಗಿ ಎರಡು ಸಲ ಭಾಗಿಸಿ ನೋಡಿದಳು.

ಟಿವಿಯ ಹಿಂದಿನ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಬೇಡಿ. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ನನಗೆ ಎರಡು ಸಲ ಹೊಡೆದಿದೆ.