ಬೀಟೆ ಹಲಗೆಯಲ್ಲಿ ಕಾಫಿ ಎಲೆ ಕೂರಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಡೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಕಾಲು ಮುರಿದ ಬೀಟೆ ಕುರ್ಚಿಯೋ ಮಂಚದ ಹಲಗೆಯೋ ಸಿಗುವುದುಂಟು. ಅದು ಸೌದೆಯ ರಾಶಿ ಸೇರುವ ಮುನ್ನ ಕಾಫಿ ಟ್ರೇ ಅಗಲದ ತುಂಡೊಂದನ್ನು ಉಳಿಸಿಕೊಳ್ಳಿ. ಇನ್‌ಲೇ, ಅಂದರೆ ಒಂದು ಮರದಲ್ಲಿ ಗುಳಿ ತೋಡಿ ಬೇರೆ ಬಣ್ಣದ ಮರದ ತುಂಡು ಕೂರಿಸುವ ಕುಸುರಿ, ಕಲಿಯಲು ಅಷ್ಟು ಸಾಕು. ಹೊಸ ಬೀಟೆಯ ಆಸೆ ಬೇಡ. ತೋಟದಲ್ಲಿ ನಿಂತ ಮರವನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಹಳೆಯ ಮರ ಹತ್ತಾರು ಮಳೆಗಾಲ ಕಂಡು ಪಳಗಿರುವುದೂ ಒಂದು ಲಾಭವೇ.

ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ಕೂರಿಸಿರುವುದು ದಂತ. ಇಂದು ದಂತದ ವ್ಯಾಪಾರ ಅಪರಾಧ. ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ನನಗೆ ಅದು ಸೇರುವುದಿಲ್ಲ. ಹಳದಿಗೆ ಹಲಸು, ಬಿಳುಪಿಗೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರ ಇರುವಾಗ ಪ್ಲಾಸ್ಟಿಕ್ ಏಕೆ? ಹಲಸು ಬೆಳಕಿಗೆ ವರ್ಷಗಳಲ್ಲಿ ಕಂದಾಗುತ್ತದೆ ಎಂಬುದು ನೆನಪಿರಲಿ.

ವಿನೀರ್ ಎಂಬ ತೆಳು ಮರದ ಹಾಳೆಯ ತುಂಡುಗಳನ್ನೇ ಜೋಡಿಸಿ ಚಿತ್ರ ಮಾಡಿ, ಇಡೀ ಮೇಲ್ಮೈಗೆ ಅಂಟಿಸುವ ಮಾರ್ಕೆಟ್ರಿ ಬೇರೆ ವಿದ್ಯೆ. ಇಲ್ಲಿ ನಾವು ಗಟ್ಟಿ ಹಲಗೆಯಲ್ಲೇ ಗುಳಿ ತೋಡಿ ತುಂಡು ಕೂರಿಸುತ್ತೇವೆ.

ಮೊದಲು ಚಿತ್ರ. ಬೇಲೂರಿನ ಗುಡಿಯ ನಕ್ಷತ್ರಾಕಾರದ ಮೇಲೆ ಕಣ್ಣು ಬೀಳುವುದು ಸಹಜ, ಆದರೆ ಆ ಮೊನೆಗಳು ಹೊಸಬರ ಕೈಯಲ್ಲಿ ಮುರಿಯುತ್ತವೆ. ಕಾಗದದ ಮೇಲೆ ಒಂದೇ ಕಾಫಿ ಎಲೆ ಬರೆಯಿರಿ. ಮರದ ಎಳೆ ತೊಟ್ಟಿನಿಂದ ತುದಿಯ ಕಡೆಗೆ ಓಡುವಂತೆ ಚಿತ್ರವನ್ನು ಹಲಸಿನ ಪಟ್ಟಿಯ ಮೇಲೆ ಅಂಟಿಸಿ. ಎಳೆ ಅಡ್ಡ ಬಿದ್ದರೆ ತುದಿ ಉಳಿಯುವುದಿಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಈ ಪಟ್ಟಿಯನ್ನು ಕುಸುರಿ ಗರಗಸದಿಂದ ಗೆರೆಯ ಹೊರಗೇ ಕತ್ತರಿಸಿ, ಅರದಿಂದ ಗೆರೆಗೆ ತನ್ನಿ. ಅಂಚು ಕೆಳಮುಖವಾಗಿ ತುಸುವೇ ಒಳಸರಿದಿದ್ದರೆ ತುಂಡು ಗುಳಿಯಲ್ಲಿ ಬಿಗಿಯಾಗಿ ಇಳಿಯುತ್ತದೆ.

ಈಗ ಗುಳಿ. ಕಾಗದದ ಚಿತ್ರದಿಂದ ಗುಳಿಯ ಗುರುತು ಹಾಕಬೇಡಿ. ಕತ್ತರಿಸಿದ ಎಲೆಯನ್ನೇ ಬೀಟೆಯ ಮೇಲೆ ಒತ್ತಿ ಹಿಡಿದು ಚೂಪಾದ ಚಾಕುವಿನಿಂದ ಅಂಚನ್ನು ಗೀರಿ. ಪೆನ್ಸಿಲ್ ಗೆರೆಗೆ ದಪ್ಪವಿದೆ, ಚಾಕುವಿನ ಗೆರೆಗೆ ಇಲ್ಲ. ಕಪ್ಪು ಮರದಲ್ಲಿ ಗೀರು ಕಾಣದಿದ್ದರೆ ಸೀಮೆಸುಣ್ಣದ ಪುಡಿ ಸವರಿ. ಗೀರಿನಿಂದ ಒಂದು ಕೂದಲೆಳೆ ಒಳಗೆ ಉಳಿ ಇಟ್ಟು ನಡುವಿನ ಮರ ತೆಗೆಯಿರಿ, ಅಂಚನ್ನು ಕೊನೆಗೆ ಬಿಡಿಸಿ. ಆಳ 2 ಮಿಲಿಮೀಟರ್ ಸಾಕು. ಎಲೆ ಸ್ವಲ್ಪ ಮೇಲೆ ಉಳಿಯಲೇಬೇಕು. ಬೀಟೆಯ ಧೂಳು ಮೂಗು, ಚರ್ಮಕ್ಕೆ ಒಗ್ಗದು, ಮುಖಗವಸು ಹಾಕಿಕೊಳ್ಳಿ.

ಬೀಟೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಕೆಲವೊಮ್ಮೆ ಕೈಕೊಡುತ್ತದೆ. ಗುಳಿಯನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಬಿಳಿ ಗೋಂದು ತೆಳ್ಳಗೆ ಸವರಿ ಎಲೆ ಇಳಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ, ಮರದ ತುಂಡು ಇಟ್ಟು ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡಿ. ಮಲೆನಾಡಿನ ಜುಲೈನಲ್ಲಿ ಈ ಕೆಲಸ ಬೇಡವೇ ಬೇಡ. ತೇವ ಕುಡಿದು ಉಬ್ಬಿದ ಮರ ಬೇಸಿಗೆಯಲ್ಲಿ ಕುಗ್ಗಿ, ಎಲೆಯ ಸುತ್ತ ಬಿರುಕು ಬಿಡುತ್ತದೆ.

ಸಮ ಮಾಡುವಾಗ ಕೈ ಮರಳು ಕಾಗದಕ್ಕೆ ಹೋಗುತ್ತದೆ. ತಡೆಯಿರಿ. ಬೀಟೆಯ ಕಪ್ಪು ಪುಡಿ ಹಲಸಿನ ರಂಧ್ರಗಳಿಗೆ ತುಂಬಿ ಎಲೆ ಕೊಳಕಾಗುತ್ತದೆ. ಉಕ್ಕಿನ ಹೆರೆಪಟ್ಟಿಯಿಂದ ಎಳೆಯ ದಿಕ್ಕಿನಲ್ಲೇ ಹೆರೆದು, ಅರಗಿನ ಪಾಲಿಶ್ ಒಂದು ಕೈ ಬಳಿದು ರಂಧ್ರ ಮುಚ್ಚಿ. ಆಮೇಲೆ ನಯವಾದ ಕಾಗದದಿಂದ ಹಗುರಾಗಿ ಉಜ್ಜಿ, ಉಳಿದ ಪಾಲಿಶ್ ಹಾಕಿ. ಎಲೆಯ ನರ ಬೇಕೆನಿಸಿದರೆ ಚಾಕುವಿನಲ್ಲಿ ಗೀರಿ, ಬೀಟೆಯ ಪುಡಿಯನ್ನೇ ಗೋಂದಿನಲ್ಲಿ ಕಲಸಿ ತುಂಬಬಹುದು. ಅದಕ್ಕೆ ಸರಿಯಾದ ಹೊತ್ತು ಮೊದಲ ಪಾಲಿಶ್ ಆರಿದ ನಂತರ.